ನಿಧಾನಕ್ಕೆ ಹಾಕು

ಅಡುಗೆಮನೆಯ ನಲ್ಲಿ ಸೋರುತ್ತಿರಲಿಲ್ಲ. ಎದ್ದವನೇ ಅವನು ಮೊದಲು ನೋಡಿದ್ದು ಅದನ್ನೇ. ನಲ್ಲಿಯ ಬಾಯಿಗೆ ಬೆರಳು ಒಡ್ಡಿ, ಒಂದು ಹನಿಯಾದರೂ ಬಿದ್ದೀತೇ ಎಂದು ಕಾದ. ಬೀಳಲಿಲ್ಲ. ತಿಂಗಳುಗಟ್ಟಲೆ ಸೋರುತ್ತಿದ್ದ ನಲ್ಲಿ, ಈ ಭಾನುವಾರ ನೋಡ್ತೀನಿ ಮುಂದಿನ ಭಾನುವಾರ ನೋಡ್ತೀನಿ ಎಂದು ಅವನು ಮುಂದೂಡುತ್ತ ಬಂದಿದ್ದ ನಲ್ಲಿ. ಊಟಕ್ಕೆ ಬಂದಿದ್ದ ಷಡ್ಡಕ ಕೈ ತೊಳೆಯಲು ಹೋದವನು ಅದನ್ನು ಮಾತಾಡುತ್ತ ಮಾತಾಡುತ್ತಲೇ ಬಿಚ್ಚಿ, ಒಳಗಿನ ರಬ್ಬರನ್ನು ಮಗುಚಿ ಹಾಕಿ, ಮುಚ್ಚಿಬಿಟ್ಟಿದ್ದ. 'ನೋಡಿ, ಎಷ್ಟು ಹೊತ್ತಿನ ಕೆಲಸ' ಎಂದು ಹೆಂಡತಿ ಹೇಳಿದ್ದು ಷಡ್ಡಕನಿಗಲ್ಲ, ಇವನಿಗೆ. ಅವತ್ತಿನಿಂದ ಆ ನಲ್ಲಿ ತಿರುಗಿಸುವಾಗಲೆಲ್ಲ ಯಾರದೋ ಕೈ ಕುಲುಕಿದಂತಾಗಿ ಅವನಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಉಕ್ಕಿನಲ್ಲಿ ಆಳುದ್ದದ ತೂತು ಕೊರೆಯುವ ಗಂಡಸು ಒಂದು ನಲ್ಲಿಯ ಮುಂದೆ ಹೀಗೆ ಬೆರಳೊಡ್ಡಿ ನಿಲ್ಲುವುದೇ ಎಂದು ತನಗೆ ತಾನೇ ಹೇಳಿಕೊಂಡ, ಆದರೂ ಇನ್ನೊಂದು ಕ್ಷಣ ನಿಂತ.

"ಇವತ್ತೇ ಅಲ್ವಾ ಅವರದು?" ಹೆಂಡತಿ ಒಲೆಯ ಕಡೆಯಿಂದ ಕೇಳಿದಳು.

"ಯಾರದು?"

"ಯಾರದು ಅಂತೆ. ತಂಗಿ ಬೆಳಿಗ್ಗೆನೇ ಫೋನ್ ಮಾಡಿದ್ಲು. ರಾತ್ರಿ ಎಲ್ಲಾ ನಿದ್ದೆ ಇಲ್ವಂತೆ ಅವರಿಗೆ."

"ಗಡದ್ದಾಗಿ ಗೊರಕೆ ಹೊಡೆದಿರ್ತಾನೆ."

"ನಿಮ್ಮ ಬಾಯಲ್ಲಿ ಒಂದು ಒಳ್ಳೇ ಮಾತು ಬರಲ್ಲ. ನಿಮ್ಮ ಕೈಯಲ್ಲೇ ಕಲಿತವರಲ್ವಾ? ಪಕ್ಕ ನಿಂತು ಏನಾದ್ರೂ ಹೇಳಿಕೊಡಿ. ನಿಮ್ಮ ಗಂಟೇನು ಹೋಗುತ್ತೆ?"

ತನ್ನ ಗಂಟು ಏನು ಹೋಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋಗುವುದು ಯಂತ್ರ. ಕಾರ್ಖಾನೆಯ ಮೂಲೆಯಲ್ಲಿ, ಕಿಟಕಿಯ ಪಕ್ಕ, ಅಗಲಕ್ಕಿಂತ ಉದ್ದವೇ ಉದ್ದವಾಗಿ ಮಲಗಿರುವ ಆ ಯಂತ್ರವನ್ನು ಅಲ್ಲಿ ಎಲ್ಲರೂ ಉದ್ದ ಡ್ರಿಲ್ ಎನ್ನುತ್ತಾರೆ. ಅದು ಬಂದ ದಿನದಿಂದ ಅದರ ಮುಂದೆ ನಿಂತವನು ಅವನೊಬ್ಬನೇ. ಉಳಿದವರಿಗೆ ಅದರ ಮೇಲೆ ಟೀ ಲೋಟ ಇಡಲೂ ಅವನು ಬಿಟ್ಟವನಲ್ಲ. ಈಗ ಹೊಸ ಗಿರಾಕಿಯ ಶಾಫ್ಟುಗಳು, ಉದ್ದನೆಯ ಉಕ್ಕಿನ ದಂಡಗಳು, ಬಂದಿವೆ. ಅವುಗಳೊಳಗಿನ ತೂತು ಕನ್ನಡಿಯಂತೆ ನುಣುಪಾಗಿರಬೇಕಂತೆ, ಮೀಟರಿನಲ್ಲಿ ಅಳೆದೇ ತೆಗೆದುಕೊಳ್ಳುತ್ತಾರಂತೆ. ಹೋದ ವಾರ ಪರೀಕ್ಷೆಗೆಂದು ಮೊದಲ ಶಾಫ್ಟನ್ನು ಅವನು ಕೊರೆದ. ಕೆಟ್ಟಿತು. ಯಜಮಾನರು ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು, 'ಮುಂದಿನದನ್ನ ನಿಮ್ಮ ಷಡ್ಡಕನೇ ಮಾಡಿ ನೋಡ್ಲಿ. ಯಾರದು ಸರಿಹೋಗುತ್ತೋ ಅವರೇ ಆ ಯಂತ್ರ ಇಟ್ಕೊಳ್ಳಿ' ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸರಿಹೋಗದವರು ಎಲ್ಲಿಗೆ ಹೋಗಬೇಕೆಂದು ಯಾರೂ ಕೇಳಲಿಲ್ಲ. ಖಾಲಿಯಿದ್ದ ಜಾಗ ಒಂದೇ, ಬಾಗಿಲ ಪಕ್ಕದ ಗರಗಸ. ಅಲ್ಲಿ ದಿನವಿಡೀ ಕಂಬಿ ತುಂಡರಿಸುವುದು. ಮಂಗ ಕೂಡ ಮಾಡಬಹುದಾದ ಕೆಲಸ ಎಂದು ಅವನೇ ಎಷ್ಟೋ ಸಲ ಹೇಳಿ ನಗಿಸಿದ್ದ.

ದಾರಿಯಲ್ಲಿ ನಡೆಯುತ್ತ ಅವನು ಷಡ್ಡಕನಲ್ಲಿ ಏನೇನು ಐಬಿದೆ ಎಂದು ಹುಡುಕಿದ. ಐಬು ಸಿಗದೆ ಹೋಗುವುದೇ ಒಂದು ಐಬು. ನಗುವಾಗ ಸ್ವಲ್ಪ ಹೆಚ್ಚೇ ನಗುತ್ತಾನೆ. ಅಂಗಿಗೆ ಇಸ್ತ್ರಿ ಹಾಕುತ್ತಾನೆ, ಎಣ್ಣೆಯಲ್ಲಿ ಮೀಯುವ ಕೆಲಸಕ್ಕೆ ಇಸ್ತ್ರಿ. ಅವನು ಕೆಲಸ ಮಾಡುತ್ತಿದ್ದ ಜಾಗ ಮುಚ್ಚಿದಾಗ ನಾದಿನಿ ಬಂದು ಅಡುಗೆಮನೆಯಲ್ಲಿ ಅಕ್ಕನ ಮುಂದೆ ಅತ್ತಿದ್ದಳು, ಅವತ್ತು ರಾತ್ರಿಯೇ ಹೆಂಡತಿ 'ನೀವೊಂದು ಮಾತು ಹೇಳಿದ್ರೆ ಯಜಮಾನರು ಇಲ್ಲ ಅಂತಾರಾ' ಎಂದಿದ್ದಳು. ಆ 'ನೀವೊಂದು ಮಾತು ಹೇಳಿದ್ರೆ'ಗೆ ಉಬ್ಬಿಹೋಗಿ ಅವನು ಮಾತು ಹೇಳಿದ್ದ. ತಾನೇ ಕರೆತಂದ, ತಾನೇ ಕಲಿಸಿದ. ಷಡ್ಡಕನ ಅಂಗೈಯನ್ನು ಹಿಡಿದು ತಿರುಗುತ್ತಿದ್ದ ಯಂತ್ರದ ಮೈಮೇಲೆ ಇಟ್ಟು, 'ಕಣ್ಣು ಮುಚ್ಚಿ ಕೇಳಿಸ್ಕೋ' ಎಂದಿದ್ದ. ಏನು ಕೇಳಿಸುತ್ತೆ ಎಂದರೆ, ಷಡ್ಡಕ ಪೆದ್ದನ ಹಾಗೆ ನಕ್ಕು, 'ಏನೂ ಇಲ್ಲ ಅಣ್ಣ, ಕೈ ಜುಮ್ ಅಂತಿದೆ' ಎಂದಿದ್ದ. ಎಷ್ಟು ಚೆನ್ನಾಗಿತ್ತು ಆ ಕಾಲ. ಅವನು ಹಾಗೇ ಪೆದ್ದನಾಗಿ ಉಳಿದುಬಿಟ್ಟಿದ್ದರೆ ಅವನಂಥ ಷಡ್ಡಕ ಇಲ್ಲ.

ಆಳದ ತೂತು ಕೊರೆಯುವುದು ಕಣ್ಣಿಲ್ಲದ ಕೆಲಸ. ಡ್ರಿಲ್ ಒಳಗೆ ಹೋಯಿತೆಂದರೆ ಅಲ್ಲೇನು ನಡೆಯುತ್ತಿದೆ ಎಂಬುದು ಯಾರಿಗೂ ಕಾಣುವುದಿಲ್ಲ. ಡ್ರಿಲ್ಲಿನ ಹೊಟ್ಟೆಯೊಳಗಿಂದ ಎಣ್ಣೆ ರಭಸವಾಗಿ ತುದಿಗೆ ಹೋಗಿ, ಕತ್ತರಿಸಿದ ಉಕ್ಕಿನ ಚೂರುಗಳನ್ನು ಎತ್ತಿಕೊಂಡು, ಪಕ್ಕದ ಸಣ್ಣ ಕಾಲುವೆಯಲ್ಲಿ ಹಿಂದಕ್ಕೆ ಬರುತ್ತದೆ. ಚೂರು ಗಿಡ್ಡಗೆ, ಕತ್ತರಿಸಿದ ಉಗುರಿನ ಹಾಗೆ ಬಂದರೆ ಒಳಗೆ ಎಲ್ಲ ಕ್ಷೇಮ. ದಾರದ ಹಾಗೆ ಉದ್ದಕ್ಕೆ ಬಂದರೆ ಅದು ಒಳಗೇ ಸುತ್ತಿಕೊಂಡು ತೂತಿನ ಗೋಡೆಯನ್ನೆಲ್ಲ ಗೀರಿ ಹಾಕುತ್ತದೆ. ಹೊಸಬರೆಲ್ಲರೂ ಮಾಡುವ ತಪ್ಪೊಂದಿದೆ: ನುಣುಪು ಬೇಕೆಂದರೆ ನಿಧಾನ ಮಾಡಬೇಕು ಅಂದುಕೊಳ್ಳುತ್ತಾರೆ, ಡ್ರಿಲ್ ಮುಂದೆ ಸರಿಯುವ ವೇಗವನ್ನು, ಅದನ್ನು ಅವರು ಫೀಡ್ ಎನ್ನುತ್ತಾರೆ, ಇಳಿಸಿಬಿಡುತ್ತಾರೆ. ಅಲ್ಲೇ ಕೆಡುವುದು. ಇಳಿಸಿದರೆ ಡ್ರಿಲ್ಲಿನ ಅಲಗು ಉಕ್ಕನ್ನು ಕಚ್ಚುವ ಬದಲು ಉಜ್ಜತೊಡಗುತ್ತದೆ, ಚೂರು ತೆಳ್ಳಗೆ ಉದ್ದವಾಗುತ್ತದೆ. 'ಕಚ್ಚಬೇಕು, ನೆಕ್ಕಬಾರದು' ಎಂದು ಅವನು ಷಡ್ಡಕನಿಗೆ ಮೊದಲನೇ ದಿನವೇ ಹೇಳಿಕೊಟ್ಟಿದ್ದ. ಹೀಗೆ ಹೇಳಿಕೊಟ್ಟವನೇ ಹೋದ ವಾರ, ಯಜಮಾನರು ಒಂದು ಕಡೆ, ಷಡ್ಡಕ ಇನ್ನೊಂದು ಕಡೆ ನಿಂತು ನೋಡುತ್ತಿರುವಾಗ, ಎಲ್ಲಿ ಕೆಟ್ಟೀತೋ ಎಂಬ ಹೆದರಿಕೆಗೆ ಫೀಡ್ ಇಳಿಸಿದ್ದ. ತನ್ನ ಕೈ ಫೀಡಿನ ಗುಂಡಿಯನ್ನು ತಿರುಗಿಸುತ್ತಿರುವುದನ್ನು ಪರರ ಕೈ ನೋಡಿದಂತೆ ನೋಡಿದ್ದ. ಆಮೇಲೆ ಉಕ್ಕು ಸರಿಯಿಲ್ಲ ಎಂದ, ಎಣ್ಣೆ ಹಳೆಯದು ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರೋ ಹಿಂದೆ ಗೊಣಗಿದ್ದೂ ಕೇಳಿಸಿತ್ತು.

ಷಡ್ಡಕ ಆಗಲೇ ಬಂದು ಶಾಫ್ಟನ್ನು ಯಂತ್ರಕ್ಕೆ ಕಚ್ಚಿಸಿದ್ದ. ಬಟ್ಟೆಯಲ್ಲಿ ಅದರ ಮೈ ಒರೆಸುತ್ತಿದ್ದ ರೀತಿ ನೋಡಿ, ಹಸುಗೂಸಿಗೆ ಸ್ನಾನ ಮಾಡಿಸ್ತಿದ್ದಾನೆ ಎಂದು ಅವನಿಗೆ ರೇಗಿತು. ತಾನೂ ಹಾಗೇ ಒರೆಸುತ್ತಿದ್ದೆ, ಅದನ್ನೂ ನನ್ನಿಂದಲೇ ಕದ್ದ ಎಂಬುದು ಆಮೇಲೆ ಹೊಳೆದು ಇನ್ನೂ ರೇಗಿತು. ಅಳತೆ ನೋಡುವ ಹುಡುಗಿ, ಎಲ್ಲರೂ ಮೀಟರಮ್ಮ ಎಂದು ಕರೆಯುವವಳು, ತನ್ನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದಳು. ಹೋದ ವಾರ 'ಗೀರು ಬಿದ್ದಿದೆ ಸಾರ್' ಎಂದು ಮೆಲ್ಲಗೆ ಹೇಳಿದವಳು ಅವಳೇ. ಈಗ ಇವನನ್ನು ನೋಡಿ ಪೆಟ್ಟಿಗೆಯ ಬೀಗದ ಕಡೆ ಕಣ್ಣಿಳಿಸಿದಳು.

"ಬಂದ್ರಾ ಅಣ್ಣ," ಷಡ್ಡಕ ಎದ್ದು ನಿಂತ. ಅವನ ಕಣ್ಣುಗಳು ನಿಜಕ್ಕೂ ಕೆಂಪಾಗಿದ್ದವು, ನಿದ್ದೆಯಿಲ್ಲದ್ದು ಸುಳ್ಳಲ್ಲ. "ನೀವು ಬರ್ಲಿ ಅಂತಾನೇ ಕಾಯ್ತಿದ್ದೆ. ಇದು ಗಟ್ಟಿ ಉಕ್ಕು. ಫೀಡ್ ನಾವು ಹಾಕೋದೇ ಹಾಕ್ಲಾ, ಬೇರೆ ಏನಾದ್ರೂ?"

ಈ ಪ್ರಶ್ನೆ ಬರುತ್ತದೆಂದು ಅವನು ಯೋಚಿಸಿಯೇ ಇರಲಿಲ್ಲ. ದಾರಿಯುದ್ದಕ್ಕೂ ಶಾಫ್ಟಿನೊಳಗೆ ಗಂಟು ಸಿಗಲಿ, ಕರೆಂಟು ಹೋಗಲಿ, ಡ್ರಿಲ್ ಮುರಿಯಲಿ ಎಂದು ಎಲ್ಲವನ್ನೂ ದೇವರಿಗೇ ವಹಿಸಿಕೊಂಡು ಬಂದಿದ್ದ. ತನ್ನ ಕೈಗೇ ಕೊಡುತ್ತಾರೆಂದು ಯಾರಿಗೆ ಗೊತ್ತು.

"ನಿಧಾನಕ್ಕೆ ಹಾಕು," ಎಂದ.

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಬೇರೆ ಯಾರೋ ಆಡಿದರೇನೋ ಎಂದು ಪಕ್ಕಕ್ಕೆ ನೋಡಬೇಕೆನಿಸಿತು. "ನುಣುಪು ಬೇಕಲ್ಲಪ್ಪಾ. ಅರ್ಧಕ್ಕೆ ಇಳಿಸು. ನಿಧಾನವೇ ಪ್ರಧಾನ."

ಷಡ್ಡಕನ ಹುಬ್ಬು ಗಂಟಾಯಿತು. "ಇಳಿಸಿದ್ರೆ ನೆಕ್ಕಲ್ವಾ ಅಣ್ಣ? ನೀವೇ ಹೇಳ್ತಿದ್ರಿ."

"ಈ ಉಕ್ಕು ಬೇರೆ. ಹೇಳಿದಷ್ಟು ಮಾಡು."

"ಆಯ್ತಣ್ಣ," ಎಂದ ಷಡ್ಡಕ. ಮುಖದ ಗಂಟು ಬಿಚ್ಚಿಕೊಂಡಿತು, ಗುಂಡಿಯ ಮೇಲೆ ಕೈ ಇಟ್ಟ.

ಅವನು ಅಲ್ಲಿ ನಿಲ್ಲಲಾರದೆ ಸಾಣೆಕಲ್ಲಿನ ಕಡೆಗೆ ಹೋದ. ಮಸೆಯಲು ಏನೂ ಇರಲಿಲ್ಲ. ಮಸೆದಿಟ್ಟಿದ್ದ ಅಲಗೊಂದನ್ನೇ ಕೈಗೆತ್ತಿಕೊಂಡು, ಕಲ್ಲು ತಿರುಗಿಸದೆ, ಬೆನ್ನು ಹಾಕಿ ನಿಂತ. ಮೈಯೆಲ್ಲ ಕಿವಿಯಾಯಿತು. ಮೊದಲು ಪಂಪಿನ ಸದ್ದು, ಎಣ್ಣೆ ಚಿಮ್ಮಿದ ಸದ್ದು, ಆಮೇಲೆ ಡ್ರಿಲ್ಲಿನ ತುದಿ ಉಕ್ಕಿಗೆ ತಾಗಿದ್ದು. ತಾಗಿದ ಕೂಡಲೇ ಸಣ್ಣಗೆ, ಹಲ್ಲು ಜುಮ್ಮೆನ್ನಿಸುವ ಕೀರಲು ದನಿ ಎದ್ದಿತು. ನೆಕ್ಕುತ್ತಿದೆ. ಆ ದನಿಯನ್ನು ಅವನು ಎಲ್ಲಿದ್ದರೂ ಗುರುತಿಸಬಲ್ಲ. ಹೊಟ್ಟೆಯೊಳಗೆ ಏನೋ ತಣ್ಣಗೆ ಇಳಿದುಹೋದಂತಾಯಿತು, ಸುಖವೆಂದರೆ ಅದು ಸುಖವೇ. ಮುಚ್ಚಿಟ್ಟು ಪ್ರಯೋಜನವೇನು, ಅವನಿಗೆ ಬಹಳ ದಿನದಿಂದ ಅಂಥ ಸುಖ ಸಿಕ್ಕಿರಲಿಲ್ಲ. ಅದರ ಬೆನ್ನಿಗೇ ಷಡ್ಡಕ ತನ್ನ ಅಂಗೈ ಕೆಳಗೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದ ಆ ಮೊದಲ ದಿನ ನೆನಪಾಯಿತು, ನಾದಿನಿ ಸೆರಗಿನಲ್ಲಿ ಮೂಗೊರೆಸಿಕೊಂಡು 'ಭಾವ, ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ' ಎಂದದ್ದು ನೆನಪಾಯಿತು. ಈಗಲೂ ಹೊತ್ತು ಮೀರಿಲ್ಲ, ತಿರುಗಿ ನಾಲ್ಕು ಹೆಜ್ಜೆ ಹಾಕಿ 'ಏರಿಸಪ್ಪಾ' ಎಂದರೆ ಮುಗಿಯಿತು. ಹೇಳಬೇಕು. ಇನ್ನೊಂದು ಸ್ವಲ್ಪ ಹೋಗಲಿ, ಆಮೇಲೆ ಹೇಳೋಣ. ಹೇಳಿದರೆ ಯಂತ್ರ ಹೋಯಿತು, ಗರಗಸ ಬಂತು. ಹೋದ ವಾರ ನಾನು ಗುಂಡಿ ಇಳಿಸುವಾಗ ಅವನಿಗೂ ಕೇಳಿಸಿರಬೇಕಲ್ಲ ಈ ದನಿ, ಅವನು ಬಾಯಿ ಬಿಟ್ಟನೇ? ಬಿಡಲಿಲ್ಲ. ನಿಜ, ಹಿರಿಯನ ಮುಂದೆ ಹೇಗೆ ಬಿಡುವುದೆಂದು ಸುಮ್ಮನಿದ್ದಾನು. ಇರಲಿ, ಬಿಡಲಿಲ್ಲ ತಾನೇ. ಹೀಗೆ ತಕ್ಕಡಿಯಲ್ಲಿ ಅದನ್ನು ಇದನ್ನು ಹಾಕಿ ತೂಗುತ್ತ ಅವನು ನಿಂತಲ್ಲೇ ನಿಂತ.

ಕೀರಲು ದನಿ ಥಟ್ಟನೆ ನಿಂತಿತು. ಪಂಪು ಮಾತ್ರ ಗುಂಯ್ ಎನ್ನುತ್ತಿತ್ತು. ಮತ್ತೆ ಶುರುವಾದಾಗ ದನಿ ಬೇರೆಯಾಗಿತ್ತು: ದಪ್ಪಗೆ, ಒಂದೇ ಸಮನೆ, ಊಟ ಮಾಡುವವನು ತಲೆಯೆತ್ತದೆ ಊಟ ಮಾಡುತ್ತಿರುವ ಹಾಗೆ. ಕಚ್ಚುತ್ತಿದೆ. ಎಣ್ಣೆಯ ಜೊತೆ ಗಿಡ್ಡ ಚೂರುಗಳು ತಟ್ಟೆಗೆ ಬೀಳುವ ಟಪಟಪ ಸದ್ದೂ ಕೇಳಿಸಿತು. ಷಡ್ಡಕ ಫೀಡ್ ಏರಿಸಿದ್ದ.

ಅವನಿಗೆ ಮೊದಲು ಬಂದದ್ದು ಸಿಟ್ಟು. ಹೇಳಿದ ಮಾತು ಕೇಳಲಿಲ್ಲವಲ್ಲ, ಎಂಥ ಸೊಕ್ಕು. ಕಲಿಸಿದವನಿಗೇ ತಿರುಮಂತ್ರ. ತಾನು ಹೇಳಿದ್ದು ಸುಳ್ಳೆಂಬುದು ಒಂದು ಗಳಿಗೆ ಮರೆತೇಹೋಗಿ, ಹಿರಿಯರ ಮಾತಿಗೆ ಬೆಲೆಯೇ ಇಲ್ಲದ ಕಾಲ ಬಂತು ಎಂದು ಕಣ್ಣಂಚು ಒದ್ದೆಯಾಗುವಷ್ಟು ಅವನಿಗೆ ನೋವಾಯಿತು. ಆಮೇಲೆ ನೆನಪಾಯಿತು. ಏರಿಸಿದ್ದಾನೆಂದರೆ ಅವನಿಗೆ ತಿಳಿದಿದೆ. ತಿಳಿದಿದೆಯೆಂದರೆ ನಾನೇಕೆ ಹಾಗೆ ಹೇಳಿದೆನೆಂಬುದೂ ತಿಳಿದಿದೆ. ಯಜಮಾನರ ಮುಂದೆ ಹೇಳುತ್ತಾನೆ, ಇವತ್ತೇ ಹೇಳುತ್ತಾನೆ. ನಾದಿನಿಗೆ ಹೇಳುತ್ತಾನೆ, ಅವಳು ಅಕ್ಕನಿಗೆ. ಮೀಟರಮ್ಮ ತಲೆಯೆತ್ತಿ ಇತ್ತ ನೋಡಿದಳು, ಬರೀ ಹೊತ್ತು ಹೋಗದೆ ನೋಡಿದ್ದಿರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವನು ಸಾಣೆಕಲ್ಲನ್ನು ತಿರುಗಿಸಿ, ಮಸೆದಿದ್ದನ್ನು ಮತ್ತೆ ಮಸೆದು ಹಾಳುಮಾಡಿದ.

ಮಧ್ಯಾಹ್ನ ಕಳೆದ ಮೇಲೆ ಡ್ರಿಲ್ ಆಚೆ ತುದಿಗೆ ಹೋಯಿತು. ಷಡ್ಡಕ ಅದನ್ನು ಹಿಂದಕ್ಕೆಳೆದು, ಯಾವಾಗಲೂ ಬಿಸಾಡುವ ಮೊದಲ ಗೇಣನ್ನು ಕತ್ತರಿಸಿ ತೆಗೆದು, ತೂತನ್ನು ಗಾಳಿಯಲ್ಲೂ ಬಟ್ಟೆಯಲ್ಲೂ ಶುಚಿ ಮಾಡಿ, "ಅಣ್ಣ, ಮೊದಲು ನೀವು ನೋಡಿ" ಎಂದು ಕರೆದ. ಎಲ್ಲರೂ ಇದ್ದರು, ಹೋಗದೆ ವಿಧಿಯಿರಲಿಲ್ಲ. ಅವನು ಬಗ್ಗಿ ಒಂದು ತುದಿಗೆ ಕಣ್ಣಿಟ್ಟ. ಆಚೆ ತುದಿಯಲ್ಲಿ ಷಡ್ಡಕ ದೀಪ ಹಿಡಿದ. ಕೆಟ್ಟ ತೂತಿನಲ್ಲಿ ಬೆಳಕು ಹರಿದು ಚಿಂದಿಯಾಗಿ ಬರುತ್ತದೆ. ಇಲ್ಲಿ ಬೆಳಕು ಉಂಗುರ ಉಂಗುರವಾಗಿ, ಒಂದರೊಳಗೊಂದು ಕೂತು, ಎಲ್ಲೂ ಮುರಿಯದೆ ಕೊನೆಯತನಕ ಹೋಗಿತ್ತು. ಒಂದು ಗೀರಿಗಾಗಿ ಅವನು ಭಿಕ್ಷೆ ಬೇಡುವವನಂತೆ ಹುಡುಕಿದ. ಇಷ್ಟು ಚೆಂದದ ತೂತನ್ನು ತಾನೂ ಎಂದೋ ಕೊರೆದಿದ್ದೆನೇ? ಕೊರೆದಿರಬೇಕು, ನೆನಪಾಗಲಿಲ್ಲ. ದೀಪ ಪಕ್ಕಕ್ಕೆ ಸರಿದು ಅದರ ಜಾಗದಲ್ಲಿ ಒಂದು ಕಣ್ಣು ಬಂತು. ಷಡ್ಡಕ ಆ ಕಡೆಯಿಂದ ನೋಡುತ್ತಿದ್ದ. ಉಕ್ಕಿನ ಆಚೆ ಆ ಕಣ್ಣು ಚಿಕ್ಕದಾಗಿ, ಒದ್ದೆಯಾಗಿ, ಬಹಳ ದೂರದಲ್ಲಿತ್ತು. ಅದರಲ್ಲಿ ಏನಿದೆಯೆಂದು ಅವನಿಗೆ ಓದಲಾಗಲಿಲ್ಲ. ಅವನೇ ಮೊದಲು ಕಣ್ಣು ತೆಗೆದ.

"ಚೆನ್ನಾಗಿದೆ," ಎಂದ. ಹೇಳಲೇಬೇಕಿತ್ತು.

ಮೀಟರಮ್ಮ ತನ್ನ ಸೂಜಿಯ ಕೋಲನ್ನು ಒಳಗೆ ಬಿಟ್ಟು, ಈ ತುದಿ ಆ ತುದಿ ಎರಡೂ ಕಡೆ ಅಳೆದು, ಮತ್ತೊಮ್ಮೆ ಅಳೆದು, ಮೊದಲ ಸಲ ನಕ್ಕಳು. ಯಜಮಾನರು ಷಡ್ಡಕನ ಬೆನ್ನು ತಟ್ಟಿದರು. "ಇನ್ಮೇಲೆ ಈ ಯಂತ್ರ ನಿಂದಪ್ಪಾ." ಅವರ ಕಣ್ಣು ಇವನನ್ನು ಹುಡುಕಿ, ಸಿಕ್ಕಿದ ಮೇಲೆ ಏನು ಮಾಡುವುದೆಂದು ತಿಳಿಯದೆ ಕಿಟಕಿಗೆ ಹೋಯಿತು. ಷಡ್ಡಕ ಈಗ ಹೇಳುತ್ತಾನೆ ಎಂದು ಅವನು ಕಾದ. ಷಡ್ಡಕ ಬಗ್ಗಿ ತಟ್ಟೆಯಲ್ಲಿದ್ದ ಚೂರುಗಳನ್ನು ಬಾಚತೊಡಗಿದ.

ಕೈ ತೊಳೆಯುವ ತೊಟ್ಟಿಯ ಹತ್ತಿರ ಇಬ್ಬರೇ ಇದ್ದರು. ಷಡ್ಡಕ ಸೋಪಿನ ಪುಡಿಯನ್ನು ಮೊಣಕೈತನಕ ಉಜ್ಜಿಕೊಳ್ಳುತ್ತ, ನೀರಿನ ಸದ್ದಿಗಿಂತ ತುಸುವೇ ಜೋರಾಗಿ ಮಾತೆತ್ತಿದ.

"ಬೇಜಾರು ಮಾಡ್ಕೋಬೇಡಿ ಅಣ್ಣ, ನಿಮ್ಮ ಮಾತು ಮೀರಿದೆ. ಮೊದಲು ನೀವು ಹೇಳಿದ ಹಾಗೇ ಹಾಕ್ದೆ. ಹೇಗೂ ಮೊದಲ ಗೇಣು ಕತ್ತರಿಸಿ ಬಿಸಾಡೋದು ತಾನೇ, ಅಷ್ಟರಲ್ಲಿ ನೋಡೋಣ ಅಂತ. ದಾರ ದಾರವಾಗಿ ಬಂತು. ಹೆದರಿ ಏರಿಸಿಬಿಟ್ಟೆ."

ಅವನು ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡ.

"ಆಗ್ಲೇ ನಂಗೆ ಗೊತ್ತಾಗಿದ್ದು, ಹೋದ ವಾರ ನಿಮ್ದು ಯಾಕೆ ಕೆಟ್ಟಿತು ಅಂತ." ಷಡ್ಡಕ ನಲ್ಲಿ ನಿಲ್ಲಿಸಿದ. ದನಿ ಇನ್ನೂ ಮೆತ್ತಗಾಯಿತು. "ನಿಮಗೆ ಈಗೀಗ ಸ್ವಲ್ಪ ಭಯ ಬಂದಿದೆ ಅಣ್ಣ. ಕೈಗೆ ಭಯ ಬಂದ್ರೆ ಇಳಿಸು ಇಳಿಸು ಅನ್ಸುತ್ತೆ. ನಿಮಗದು ಗೊತ್ತೇ ಆಗ್ತಿಲ್ಲ. ನಂಗೂ ಅದನ್ನೇ ಹೇಳಿದ್ರಲ್ಲ, ಒಳ್ಳೇದಕ್ಕೇ ಹೇಳಿದ್ರಿ ಪಾಪ. ವಯಸ್ಸು ಅಲ್ವಾ. ಯಜಮಾನರ ಹತ್ರ ಮಾತಾಡ್ತೀನಿ, ಗರಗಸಕ್ಕೆಲ್ಲಾ ನೀವು ಹೋಗಬೇಡಿ. ನನ್ನ ಪಕ್ಕದಲ್ಲೇ ಒಂದು ಸ್ಟೂಲ್ ಹಾಕ್ಕೊಂಡು ಕೂತಿರಿ, ಸಾಕು."

ಷಡ್ಡಕ ಅವನ ಭುಜ ಮುಟ್ಟಿ, ಮುಟ್ಟಿದ್ದು ಹೆಚ್ಚಾಯಿತೇನೋ ಎಂದು ಕೈ ತೆಗೆದು, ಹೊರಟುಹೋದ.

ಮನೆಯ ದಾರಿಯಲ್ಲಿ ಅವನು ಅಂಗಡಿಗಳ ಮುಂದೆ ನಿಂತು ನಿಂತು ನಡೆದ. ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದುಬಿಟ್ಟರೆ ಷಡ್ಡಕ ಹೇಳಿದ್ದೇ ಉಳಿಯುತ್ತದೆ: ಕೈಗೆ ಭಯ ಬಂದು, ಕಚ್ಚುವುದಕ್ಕೂ ನೆಕ್ಕುವುದಕ್ಕೂ ವ್ಯತ್ಯಾಸ ತಿಳಿಯದೆ ಹೋದ ಮುದುಕ. ನಾಳೆ ಮೀಟರಮ್ಮನೂ ಹಾಗೇ ನೋಡುತ್ತಾಳೆ, ಯಜಮಾನರು ಮನೆಯಲ್ಲಿ ಹೆಂಡತಿಯ ಮುಂದೆ 'ಒಂದು ಕಾಲಕ್ಕೆ ಒಳ್ಳೇ ಕೆಲಸಗಾರ' ಎನ್ನುತ್ತಾರೆ. ಅಲ್ಲ, ನನಗೆ ಎಲ್ಲ ತಿಳಿದಿತ್ತು ಎನ್ನಬೇಕಾದರೆ, ತಿಳಿದೂ ತಿಳಿದೂ ಹೇಳಿದೆ, ಹೆಂಡತಿಯ ತಂಗಿಯ ಗಂಡ ಹಾಳಾಗಲಿ ಎಂದು ಹೇಳಿದೆ ಎನ್ನಬೇಕು. ದಡ್ಡ ಅನ್ನಿಸಿಕೊಳ್ಳುವುದೋ, ಕೆಟ್ಟವನು ಅನ್ನಿಸಿಕೊಳ್ಳುವುದೋ. ಆ 'ಪಾಪ' ಎಂಬ ಮಾತು ಕಿವಿಯೊಳಗೆ ಕೂತು ಏಳುತ್ತಿರಲಿಲ್ಲ. ಷಡ್ಡಕನಿಗೆ ಯಂತ್ರ ಸಿಕ್ಕಿತು, ನುಣುಪು ಸಿಕ್ಕಿತು, ಈಗ ಕರುಣೆ ತೋರಿಸುವ ಭಾಗ್ಯವೂ ಸಿಕ್ಕಿತು. ಅಷ್ಟೂ ಅವನ ತಟ್ಟೆಗೇ. ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅವನು ತೀರ್ಮಾನ ಮಾಡಿದ್ದ. ಕೆಟ್ಟವನೇ ಆಗುತ್ತೇನೆ. ಕೆಲಸ ಬಾರದವನು ಮಾತ್ರ ಆಗಲಾರೆ.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವನ ಕೈಯಿಂದ ಚೀಲವನ್ನು ತಾನೇ ತೆಗೆದುಕೊಂಡಳು. ಹಾಗೆ ತೆಗೆದುಕೊಂಡು ಎಷ್ಟೋ ಕಾಲವಾಗಿತ್ತು. "ತಂಗಿ ಎಲ್ಲಾ ಹೇಳಿದ್ಲು," ಎಂದಳು. ಆ ದನಿಯಲ್ಲಿ ಬೆಳಗಿನ ಮೊನಚು ಒಂದಿಷ್ಟೂ ಇರಲಿಲ್ಲ. "ಮನಸ್ಸಿಗೆ ಹಚ್ಕೋಬೇಡಿ. ಎಷ್ಟು ವರ್ಷ ದುಡಿದ್ರಿ. ಯಾರಿಗಾದ್ರೂ ಒಂದು ದಿನ ಹಾಗೆ ಆಗೇ ಆಗುತ್ತೆ."

"ನಂಗೇನೂ ಆಗಿಲ್ಲ," ಎಂದ ಅವನು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, ಪ್ರತಿ ಮಾತನ್ನೂ ಬಿಡಿಬಿಡಿಯಾಗಿ ಹೇಳಿದ. "ಕೇಳಿಲ್ಲಿ. ನಂಗೆ ಭಯ ಬಂದು ಹೇಳಿದ್ದಲ್ಲ. ಇಳಿಸಿದ್ರೆ ಗೀರು ಬೀಳುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಅವನ ಶಾಫ್ಟ್ ಕೆಡ್ಲಿ ಅಂತ, ಬೇಕೂಂತಲೇ. ಹೊಟ್ಟೆಕಿಚ್ಚಿಗೆ."

ಹೆಂಡತಿ ಅವನನ್ನೇ ನೋಡಿದಳು. ಅವಳು ಕೂಗಾಡಲಿ, ಬಾಗಿಲು ಹಾಕಿಕೊಳ್ಳಲಿ, ತವರಿನವರನ್ನೆಲ್ಲ ಸೇರಿಸಲಿ, ಯಾವುದಕ್ಕೂ ಅವನು ಸಿದ್ಧನಿದ್ದ. ಅವಳ ಮುಖ ನಿಧಾನವಾಗಿ ಸಡಿಲಾಯಿತು, ಕಣ್ಣಲ್ಲಿ ನೀರು ತುಂಬಿತು.

"ನೀವಾ?" ಎಂದಳು. "ನಿಮಗೆ ಅದೆಲ್ಲಾ ಎಲ್ಲಿ ಬರುತ್ತೆ? ಒಳಗೆ ಬನ್ನಿ ಮೊದಲು."

"ಸತ್ಯವಾಗ್ಲೂ. ಬೇಕೂಂತಲೇ ಹೇಳ್ದೆ ಕಣೇ."

"ಹೂಂ, ಆಯ್ತು. ಬೇಕೂಂತಲೇ ಹೇಳಿದ್ರಿ. ಕೈಕಾಲು ತೊಳ್ಕೊಂಡು ಬನ್ನಿ, ಬಿಸಿಯಾಗಿ ಏನಾದ್ರೂ ಕುಡೀರಿ."

ಅವನು ಕೈಕಾಲು ತೊಳೆಯಲಿಲ್ಲ. ನಡುಮನೆಯ ಕುರ್ಚಿಯಲ್ಲಿ ಎಣ್ಣೆಯ ಬಟ್ಟೆಯಲ್ಲೇ ಕೂತ. ಅವಳು ಅದಕ್ಕೂ ಬೈಯದೆ ಒಳಗೆ ಹೋಗಿ ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಸ್ವಲ್ಪ ಹೊತ್ತಿಗೆ ಅವಳು ಫೋನಿನಲ್ಲಿ ತಂಗಿಯ ಜೊತೆ ದನಿ ತಗ್ಗಿಸಿ ಮಾತಾಡುತ್ತಿರುವುದು ಅವನಿಗೆ ಕೇಳಿಸಿತು. ಗೋಡೆಯಾಚೆಯ ಯಾವ ಸದ್ದನ್ನಾದರೂ ಬಿಡಿಸಬಲ್ಲ ಆ ಕಿವಿಗೆ ಒಂದು ಮಾತೂ ತಪ್ಪಲಿಲ್ಲ.

"ಬಂದ್ರು. ಏನೇನೋ ಹೇಳ್ತಿದ್ದಾರೆ ಕಣೇ, ತಾನೇ ಬೇಕೂಂತ ಮಾಡಿದ್ದು ಅಂತ. ಮರ್ಯಾದೆಗೆ ಅಂಜಿ ಹಾಗಂತಿದ್ದಾರೆ ಅಷ್ಟೇ. ನಾಳೆ ನಿಮ್ಮವರಿಗೆ ಸ್ವಲ್ಪ ಇವರನ್ನ ನೋಡ್ಕೊಳ್ಳೋಕೆ ಹೇಳು."